ಆಳದಲ್ಲಿ ಅಮ್ಮನ ಕೆಂಪು

ನವೆಂಬರ್ ೩

ಮಗಳೇ,

ನಾನು ಕ್ಷೇಮ. ನನ್ನ ಹಣ ಕ್ಷೇಮವೇ ಎಂದು ತಿಳಿಸು.

ಫೋನು ಬೇಡ ಎಂದವಳು ನಾನು, ಆದ್ದರಿಂದ ಮೊದಲ ಕಾಗದವೂ ನನ್ನದೇ. ಫೋನಿನಲ್ಲಿ ನಮ್ಮಿಬ್ಬರ ಮಾತು ‘ಊಟ ಆಯ್ತಾ’ದಿಂದ ಹೊರಟು ‘ಇಡು ಫೋನು’ ಮುಟ್ಟಲು ಎಷ್ಟು ಹೊತ್ತು ಬೇಕೆಂದು ನಿನಗೂ ಗೊತ್ತು. ಕಾಗದವಾದರೆ ಬರೆಯುವಾಗ ಎಷ್ಟೇ ಸಿಟ್ಟಿರಲಿ, ಅಂಚೆಯವನ ಕೈಯಲ್ಲಿ ಸ್ವಲ್ಪ ತಣ್ಣಗಾಗಿ ಹೋಗುತ್ತದೆ. ನನ್ನ ಹಣ ಅಲ್ಲಿ ಏನು ಮಾಡುತ್ತಿದೆ ಎಂದು ನೀನು ಬರೆಯುತ್ತಿರಬೇಕು. ಸಿಹಿ ಸುದ್ದಿ ಮಾತ್ರ ಬರೆದರೆ ನಾನು ನಂಬುವವಳಲ್ಲ.

ಹಿಂದಿನ ಬಣ್ಣದ ಕೋಣೆಯ ಕೀಲಿ ಕೊಟ್ಟುಬಿಟ್ಟೆ. ಜನರನ್ನು ಸಮುದ್ರದೊಳಗೆ ಇಳಿಸುವ ನಿನ್ನ ಡೈವಿಂಗ್ ಅಂಗಡಿಗೆ ಹಾಕಿದ್ದು ಅದನ್ನು ಮಾರಿದ ಹಣವೇ. ಕೊಂಡವನು ಅಲ್ಲಿ ಬ್ಯಾಟರಿ ತುಂಬಿಡುತ್ತಾನಂತೆ. ತೊಟ್ಟಿಗಳನ್ನು ಹಳೇ ಕಬ್ಬಿಣದವನು ಹೊತ್ತುಕೊಂಡು ಹೋದ. ಬಟ್ಟೆಗೆ ಬಣ್ಣ ಹಾಕಿಸಲು ಈಗ ಯಾರು ಬರುತ್ತಾರೆ, ಮಾಸಿದರೆ ಹೊಸದು ಕೊಳ್ಳುತ್ತಾರೆ. ಇನ್ನು ಮುಂದಿನ ಲಾಂಡ್ರಿ ಒಂದೇ. ಆ ಕೋಣೆಯ ಬಗ್ಗೆ ನೀನು ಕೇಳಬೇಡ, ನಾನೂ ಬರೆಯುವುದಿಲ್ಲ.

ನಮ್ಮ ಇಸ್ತ್ರಿಯಣ್ಣ ಮೇಜಿನ ಹಿಂದೆ ನಿಂತು ನಗುತ್ತಾನೆ. ನೀನು ಹುಟ್ಟುವ ಮೊದಲಿನಿಂದ ಇಲ್ಲಿ ಇಸ್ತ್ರಿ ಹಿಡಿದವನು, ನಗಲಿ ಬಿಡು. “ಅಕ್ಕಾ, ಹೊಳೇಲಿ ಹುಣಸೇಹಣ್ಣು ಕಿವುಚೋರನ್ನ ನೋಡಿದ್ದೆ. ನೀವು ಸೀದಾ ಸಮುದ್ರದಲ್ಲೇ ಕಿವುಚಿಬಿಟ್ರಲ್ಲ!” ಎಂದ. “ನಿನ್ನ ಕಾಲರು ಸುಡ್ತಿದೆ ನೋಡ್ಕೋ” ಎಂದೆ. ಆದರೆ ಅವನು ಹೇಳಿದ್ದು ಸುಳ್ಳಲ್ಲವಲ್ಲ ಎಂದು ಆಮೇಲೆ ಅನಿಸಿತು.

ಮಾತು ನೆನಪಿರಲಿ: ಒಂದು ವರ್ಷ. ಅಷ್ಟರಲ್ಲಿ ಸರಿಹೋಗಲಿಲ್ಲವೆಂದರೆ ಆ ಯಂತ್ರಗಿಂತ್ರ ಎಲ್ಲ ಮಾರಿ ನನ್ನ ಹಣ ನನಗೆ ಕೊಡುವುದು, ನೀನು ಬಂದು ಲಾಂಡ್ರಿಯ ಕೌಂಟರಿನಲ್ಲಿ ಕೂರುವುದು. ನಮ್ಮಲ್ಲಿ ಪ್ರತಿ ಬಟ್ಟೆಯ ಮೂಲೆಗೂ ಮಸಿಯಲ್ಲಿ ಗುರುತು ಹಾಕುತ್ತೇವಲ್ಲ, ಯಾಕೆ? ಯಾರ ಮನೆಯದೋ ಆ ಮನೆಗೇ ಮರಳಿ ಸೇರಲಿ ಎಂದು. ನಿನ್ನ ಮೂಲೆಯಲ್ಲೂ ಈ ಮನೆಯ ಗುರುತಿದೆ.

ಉಪ್ಪುನೀರಿನಲ್ಲಿ ಕೂದಲು ಹಾಳು ಮಾಡಿಕೊಳ್ಳಬೇಡ.

ಇಂತಿ,
ಅಮ್ಮ, ಮತ್ತು ಈಗ ನಿನ್ನ ಪಾಲುದಾರಳು


ನವೆಂಬರ್ ೨೧

ಪಾಲುದಾರಳಮ್ಮನಿಗೆ,

ನಿನ್ನ ಹಣ ಅಂಗಡಿಯ ಹಿಂದಿನ ಶೆಡ್ಡಿನಲ್ಲಿ ನಿಂತು ಕಿವಿ ಕಿತ್ತುಹೋಗುವಷ್ಟು ಸದ್ದು ಮಾಡುತ್ತಿದೆ. ಅದಕ್ಕೆ ಕಂಪ್ರೆಸರ್ ಎನ್ನುತ್ತಾರೆ. ಹೊರಗಿನ ಗಾಳಿಯನ್ನು ಎಳೆದುಕೊಂಡು, ಸೋಸಿ, ಒತ್ತಿ ಒತ್ತಿ ಸಿಲಿಂಡರಿಗೆ ತುಂಬುವ ಯಂತ್ರ. ಜನ ನನ್ನನ್ನು ಸಮುದ್ರ ತೋರಿಸುವವಳು ಅಂದುಕೊಂಡಿದ್ದಾರೆ. ಈಗ ಗೊತ್ತಾಗುತ್ತಿದೆ, ನಾನು ಗಾಳಿ ಮಾರುವವಳು. ಸಮುದ್ರ ಪುಕ್ಕಟೆ, ಖರ್ಚೆಲ್ಲ ಗಾಳಿಯದೇ. ಫಿಲ್ಟರ್ ಬದಲಿಸುವುದನ್ನು ಒಂದು ಸಲ ‘ನಾಳೆ ನೋಡೋಣ’ ಎಂದರೆ ಎಣ್ಣೆಯ ಹೊಗೆ ಯಾರದೋ ಎದೆಯೊಳಗೆ ಹೋಗುತ್ತದೆ, ಅದೂ ನೀರಿನ ಕೆಳಗೆ. ಆಮೇಲೆ ಅಂಗಡಿಯೂ ಇಲ್ಲ, ನಾನೂ ಇಲ್ಲ. ಹಾಗಾಗಿ ಮೊದಲು ಬಂದ ದುಡ್ಡೆಲ್ಲ ಫಿಲ್ಟರಿಗೆ ಹೋಯಿತು, ಉಳಿದದ್ದು ವಿಮೆಗೆ. ನನಗೆ ಉಳಿದದ್ದು ಸದ್ದು. ಕಹಿ ಸುದ್ದಿ ಬೇಕು ಎಂದೆಯಲ್ಲ, ತಗೋ.

ನಮ್ಮ ಬೋಟು ನಡೆಸುವವರನ್ನು ಇಲ್ಲಿ ಎಲ್ಲರೂ ಉಪ್ಪಣ್ಣ ಎನ್ನುತ್ತಾರೆ. ಅವರ ಹುಬ್ಬಿನ ಮೇಲೆ ಸದಾ ಉಪ್ಪು ಕೂತಿರುತ್ತದೆ. ಹೊಸ ಗಿರಾಕಿಗಳ ಮುಖ ನೋಡಿಯೇ ಅವರು ನನಗೆ ಹೇಳುತ್ತಾರೆ, “ಇವರದು ಗಾಳಿ ಬೇಗ ಮುಗಿಯುತ್ತೆ ನೋಡು.” ಹೆದರಿದವರು ಎದೆ ಉಬ್ಬಿಸಿ ಉಬ್ಬಿಸಿ ಎಳೆದುಕೊಳ್ಳುತ್ತಾರೆ, ಅವರ ಸಿಲಿಂಡರ್ ಬೇಗ ಖಾಲಿ. ಇನ್ನೂ ಬೇಗ ಖಾಲಿಯಾಗುವುದು ಬೆರಗಾದವರದು. ಏನನ್ನೋ ನೋಡಿ ‘ಅಬ್ಬಾ’ ಎಂದರೋ, ಗುಳ್ಳೆ ಗುಳ್ಳೆಯಾಗಿ ಗಾಳಿ ಮೇಲಕ್ಕೆ ಹೋಯಿತು. ನನ್ನ ವ್ಯಾಪಾರದಲ್ಲಿ ಗಿರಾಕಿಗೆ ಖುಷಿಯಾದಷ್ಟೂ ನನಗೆ ಖರ್ಚು.

ಅಮ್ಮಾ, ಇದನ್ನು ಓದಿ ನಗಬೇಡ. ಸಮುದ್ರದೊಳಗೆ ಒಂದು ಲಾಂಡ್ರಿ ಇದೆ. ನಾವು ಇಳಿಯುವ ಜಾಗದಲ್ಲಿ ದೊಡ್ಡ ಬಂಡೆಯೊಂದಿದೆ, ಅದರ ಪಕ್ಕದಲ್ಲಿ ಬೆರಳುದ್ದದ ನೀಲಿ ಪಟ್ಟೆಯ ಮೀನುಗಳ ಸಂಸಾರ. ದೊಡ್ಡ ದೊಡ್ಡ ಮೀನುಗಳು ದೂರದಿಂದ ಬಂದು ಅಲ್ಲಿ ಸಾಲಾಗಿ ನಿಲ್ಲುತ್ತವೆ. ಸರದಿ ಬಂದ ಮೀನು ಬಾಯಿ ತೆರೆದು ಅಲ್ಲಾಡದೆ ನಿಲ್ಲುತ್ತದೆ. ಈ ಪುಟಾಣಿಗಳು ಅದರ ಬಾಯಿಯೊಳಗೆ ಹೋಗಿ ಹಲ್ಲು, ಕಿವಿರು, ಮೈ ಎಲ್ಲ ಶುಚಿ ಮಾಡಿ ಹೊರಗೆ ಬರುತ್ತವೆ. ಒಂದೇ ಗುಟುಕಿಗೆ ನುಂಗಬಹುದಾದದ್ದನ್ನು ಆ ದೊಡ್ಡ ಬಾಯಿ ನುಂಗುವುದಿಲ್ಲ. ಮೊದಲ ಸಲ ನೋಡಿದಾಗ ನನಗೆ ನಿನ್ನ ಕೌಂಟರ್ ನೆನಪಾಗಿ ಮುಖವಾಡದೊಳಗೇ ಅತ್ತುಬಿಟ್ಟೆ.

ಇನ್ನೊಂದು ಮಾತು. ಕೆಳಗೆ ಕೆಂಪು ಇರುವುದಿಲ್ಲ. ಇಳಿಯುತ್ತಾ ಹೋದಂತೆ ನೀರು ಮೊದಲು ಕೆಂಪನ್ನೇ ತಿಂದುಹಾಕುತ್ತದೆ.

ನಿನ್ನ,
ಗಾಳಿ ಮಾರುವ ಮಗಳು


ಡಿಸೆಂಬರ್ ೯

ಮಗಳೇ,

ಕಾಗದವನ್ನು ಇಸ್ತ್ರಿಯಣ್ಣನಿಗೂ ಓದಿ ಹೇಳಿದೆ. ಮೀನಿನ ಲಾಂಡ್ರಿಯ ವಿಷಯ ಕೇಳಿ ಅವನು ಇಸ್ತ್ರಿಯನ್ನು ನಿಲ್ಲಿಸಿಬಿಟ್ಟ. “ಅಡ್ವಾನ್ಸ್ ತಗೋತಾವಂತಾ?” ಎಂದು ಕೇಳಿದ. ನನ್ನ ಪ್ರಶ್ನೆಯೂ ಅದೇ. ಗಿರಾಕಿಯ ಬಾಯೊಳಗೆ ಹೋಗಿ ಕೆಲಸ ಮಾಡುವ ಧೈರ್ಯ ನನಗಂತೂ ಇಲ್ಲ. ನಮ್ಮ ಗಿರಾಕಿಗಳು ಕೌಂಟರಿನ ಆಚೆ ನಿಂತೇ ನುಂಗುವ ಹಾಗೆ ನೋಡುತ್ತಾರೆ.

ಗಾಳಿಯ ವಿಷಯದಲ್ಲಿ ನೀನು ಮಾಡಿದ್ದು ಸರಿ. ಸೋಡಾ ಕಡಿಮೆ ಹಾಕಿ ಉಳಿತಾಯ ಮಾಡುವ ಲಾಂಡ್ರಿ ಉಳಿಯುವುದಿಲ್ಲ. ಇಷ್ಟೇ ಹೊಗಳಿಕೆ, ಹೆಚ್ಚಿಗೆ ಬೇಡ.

ಆದರೆ ಕೆಂಪು ಇರುವುದಿಲ್ಲ ಎಂದರೆ ಏನರ್ಥ? ಯಾರ ಕೆಂಪು? ನೀರಿಗೆ ಹಾಕಿದರೆ ಹೋಗುವ ಕೆಂಪು ಕೆಂಪೇ ಅಲ್ಲ. ನನ್ನ ತೊಟ್ಟಿಯಿಂದ ಎದ್ದ ಬಣ್ಣ ಬಿಟ್ಟಿತು ಎಂದು ಈ ಬೀದಿಯಲ್ಲಿ ಒಬ್ಬರು ಬಂದು ನಿಂತಿಲ್ಲ. ಬಣ್ಣ ಹಿಡಿಯಬೇಕಾದರೆ ನೆನೆಯಬೇಕು, ಆತುರ ಮಾಡಬಾರದು. ಬೇರೆ ಅಂಗಡಿಯವರೆಲ್ಲ ಆತುರ ಮಾಡುತ್ತಾರೆ, ಆಮೇಲೆ ನೀರನ್ನು ಬೈಯುತ್ತಾರೆ.

ಇದರ ಜೊತೆ ಒಂದು ಕರವಸ್ತ್ರದಷ್ಟು ಬಟ್ಟೆ ಇಟ್ಟಿದ್ದೇನೆ. ಕೊನೆಯ ತೊಟ್ಟಿಯ ಕೆಂಪು. ತೊಟ್ಟಿ ಬರಿದು ಮಾಡುವ ಮೊದಲು ಅದ್ದಿದ್ದು. ತೆಗೆದುಕೊಂಡು ಹೋಗಿ ನಿನ್ನ ಸಮುದ್ರಕ್ಕೆ ತೋರಿಸು. ಯಾರು ಗೆಲ್ಲುತ್ತಾರೆ ನೋಡೋಣ.

ಇಂತಿ,
ಬಣ್ಣ ಬಿಡದ ಅಮ್ಮ


ಜನವರಿ ೨

ಅಮ್ಮಾ,

ನಿನ್ನ ಬಟ್ಟೆಯನ್ನು ಮಣಿಕಟ್ಟಿಗೆ ಸುತ್ತಿಕೊಂಡು ಇಳಿದೆ. ಬೋಟಿನ ಮೇಲೆ ಅದು ಎಷ್ಟು ಕೆಂಪಾಗಿತ್ತೆಂದರೆ ಉಪ್ಪಣ್ಣ ನನ್ನ ಕೈಗೆ ಗಾಯವಾಗಿದೆ ಎಂದು ಗಾಬರಿಯಾದರು.

ಮೊದಲು ಇಟ್ಟಿಗೆಯ ಬಣ್ಣಕ್ಕೆ ತಿರುಗಿತು. ಇನ್ನೂ ಇಳಿದೆ, ಕಂದಾಯಿತು. ಹನ್ನೆರಡು ಮೀಟರಿನಲ್ಲಿ ಬಂಡೆಯ ಹತ್ತಿರ ನಿಂತು ನೋಡಿಕೊಂಡರೆ ಮಣಿಕಟ್ಟಿನಲ್ಲಿ ಬರೀ ಬೂದಿ ಮೆತ್ತಿದ ಕಪ್ಪು ಚಿಂದಿ. ಎಷ್ಟೋ ಸಲ ನೋಡಿದ ವಿದ್ಯೆ ಇದು, ಪಾಠದಲ್ಲಿ ನಾನೇ ಗಿರಾಕಿಗಳಿಗೆ ಹೇಳಿಕೊಡುತ್ತೇನೆ. ಆದರೂ ಅಯ್ಯೋ, ಅಮ್ಮ ಕೊಟ್ಟದ್ದನ್ನು ಕಳೆದುಬಿಟ್ಟೆ ಎನ್ನಿಸಿತು. ಆ ಹೊತ್ತಿನಲ್ಲಿ ನನ್ನ ಗಾಳಿಯೂ ಬೇಗಬೇಗ ಇಳಿಯಿತು. ಮೇಲೆ ಬರುತ್ತಾ ಬಂದಂತೆ ಒಂದೊಂದೇ ಮೆಟ್ಟಿಲು ಹತ್ತಿದ ಹಾಗೆ ಬಣ್ಣ ಮರಳಿ ಬಂತು. ನೀರಿನಿಂದ ತಲೆ ಎತ್ತಿದಾಗ ನಿನ್ನ ಕೆಂಪು ಅಲ್ಲೇ ಇತ್ತು, ಒಂದು ಎಳೆಯೂ ಬಿಟ್ಟಿರಲಿಲ್ಲ. ಹಾಗಾಗಿ ನೀನೂ ಗೆದ್ದೆ, ಸಮುದ್ರವೂ ಗೆದ್ದಿತು.

ವ್ಯಾಪಾರದ ಮಾತು: ಈ ತಿಂಗಳು ಗಾಳಿ ಬೀಸಿ ಬೀಸಿ ಬೋಟು ದಡದಲ್ಲೇ ಉಳಿದದ್ದು ಹೆಚ್ಚು. ಹೋಗಿದ್ದರೆ ಹೋಗಬಹುದಿತ್ತು, ಪಕ್ಕದವರು ಹೋದರು. “ಸಮುದ್ರ ಎಲ್ಲಿಗೂ ಓಡಿಹೋಗಲ್ಲ, ನಾವು ಓಡಿಹೋಗೋದು ಬೇಡ” ಎಂದರು ಉಪ್ಪಣ್ಣ. ಬಿಸಿಲು ಬಿದ್ದ ದಿನ ಒಬ್ಬ ಗಿರಾಕಿ ಇಡೀ ಕುಟುಂಬದ ಹಣ ಮೇಜಿನ ಮೇಲೆ ಇಟ್ಟ. ಎದೆಯ ತೊಂದರೆ ಇದೆಯಾ ಎಂದು ಕೇಳಿದೆ. “ಅದೇನ್ ಮಹಾ, ಮಾತ್ರೆ ತಗೋತೀನಿ” ಎಂದ. ಹಣ ವಾಪಸ್ ಕೊಟ್ಟು ಕಳಿಸಿದೆ. ಹೋಗುವಾಗ ಬೈದುಕೊಂಡು ಹೋದ. ನೀನೂ ಬೈಯುತ್ತೀಯ, ಗೊತ್ತು.

ನಿನ್ನ ಮಗಳು


ಜನವರಿ ೧೮

ಮಗಳೇ,

ಮನೆಗೆ ಬಂದ ಲಕ್ಷ್ಮಿಯನ್ನು ಕಾಲಲ್ಲಿ ಒದ್ದು ಕಳಿಸಿದೆ ಎಂದು ಬೈಯಬೇಕೆಂದೇ ಪೆನ್ನು ಹಿಡಿದೆ. ಬೈಯಲು ಬರುತ್ತಿಲ್ಲ. ಸುಡುತ್ತದೆ ಎಂದು ಗೊತ್ತಿದ್ದ ಬಟ್ಟೆಯನ್ನು ನಾನೂ ವಾಪಸ್ ಕೊಟ್ಟಿದ್ದೇನೆ.

ಬಣ್ಣದ ವಿಷಯ ಮಾತ್ರ ನಂಬುವುದಿಲ್ಲ. ಪ್ರತ್ಯಕ್ಷ ಕಂಡರೂ ಪರಾಂಬರಿಸಿ ನೋಡು ಎನ್ನುತ್ತಾರೆ, ನಾನು ಪ್ರತ್ಯಕ್ಷವೂ ಕಂಡಿಲ್ಲ. ನನ್ನ ಬಣ್ಣದಲ್ಲಿ ದೋಷವಿಲ್ಲ. ನಿನ್ನ ಸಮುದ್ರದ ಕಣ್ಣು ಪರೀಕ್ಷೆ ಮಾಡಿಸು.

ಬಟ್ಟೆ ವಾಪಸ್ ಕಳಿಸಬೇಡ. ನಿನ್ನ ಹತ್ತಿರವೇ ಇರಲಿ.

ಅಮ್ಮ


ಜೂನ್ ೪

ಅಮ್ಮಾ,

ಇಷ್ಟು ತಿಂಗಳು ಬರೆಯದ್ದಕ್ಕೆ ಕಾರಣ ಕೆಲಸ, ಕೆಲಸ, ಕೆಲಸ. ನೀನೂ ಬರೆಯಲಿಲ್ಲ, ಸರಿಹೋಯಿತು.

ಈಗ ಸಮುದ್ರ ಬಾಗಿಲು ಹಾಕಿದೆ. ಮಳೆಯಲ್ಲಿ ನೀರು ಕದಡಿ ಹೋಗಿ ಚಾಚಿದ ಕೈ ಕಾಣುವುದಿಲ್ಲ. ಅಕ್ಟೋಬರಿನವರೆಗೆ ಒಂದು ಕಾಸಿನ ಗಳಿಕೆ ಇಲ್ಲ, ಬಾಡಿಗೆ ಮಾತ್ರ ಮಳೆ ಬಿಸಿಲು ನೋಡದೆ ಬರುತ್ತದೆ. ವರ್ಷದಲ್ಲಿ ಅರ್ಧ ವರ್ಷ ತೆರೆದಿರುವ ಅಂಗಡಿಗೆ ಹಣ ಹಾಕಿದ್ದೀಯ ಎಂದು ಮೊದಲೇ ಯಾಕೆ ಹೇಳಲಿಲ್ಲ ಎಂದರೆ, ಹೇಳಿದ್ದೆ, ನೀನು ‘ನೋಡೋಣ’ ಎಂದಿದ್ದೆ. ಉಸಿರಾಟದ ಕೊಳವೆಗಳನ್ನು ಬಿಚ್ಚಿಸಿ ದುರಸ್ತಿಗೆ ಕೊಟ್ಟೆ, ಸಿಲಿಂಡರುಗಳನ್ನು ಒತ್ತಡದ ಪರೀಕ್ಷೆಗೆ ಕಳಿಸಿದೆ. ಋತುವಿನ ಗಳಿಕೆ ಅಲ್ಲಿಗೆ ಸಮ. ನಷ್ಟವಿಲ್ಲ, ಲಾಭವೂ ಇಲ್ಲ. ಆದರೆ ಇಳಿಸಿದ ಒಬ್ಬೊಬ್ಬರನ್ನೂ ನಗುನಗುತ್ತಾ ಮೇಲೆ ತಂದಿದ್ದೇನೆ. ಇದನ್ನು ಲೆಕ್ಕದ ಯಾವ ಕಡೆ ಬರೆಯುವುದೋ ನನಗೆ ಗೊತ್ತಿಲ್ಲ.

ಅಕ್ಟೋಬರ್ ಕೊನೆಗೆ ಒಂದು ದೊಡ್ಡ ಗುಂಪು ಬರುವುದಾಗಿ ಹೇಳಿದೆ. ಅದೊಂದು ನಡೆದರೆ ವರ್ಷ ತುಂಬುವಾಗ ನಿನ್ನೆದುರು ತಲೆ ಎತ್ತಿ ನಿಲ್ಲಬಹುದು.

ಸದ್ಯದ ತಲೆನೋವು ಡೈವಿಂಗ್ ಸೂಟುಗಳು. ಮೈಗೆ ಅಂಟಿಕೊಂಡಿರುವ ದಪ್ಪ ಕಪ್ಪು ಉಡುಪು. ನಾಚಿಕೆಯ ವಿಷಯ, ಆದರೂ ಹೇಳುತ್ತೇನೆ: ನೀರಿನಲ್ಲಿ ಎಲ್ಲರೂ ಅದರೊಳಗೇ ಉಚ್ಚೆ ಹೊಯ್ಯುತ್ತಾರೆ. ಯಾರೂ ಒಪ್ಪಿಕೊಳ್ಳುವುದಿಲ್ಲ, ಎಲ್ಲರೂ ಹೊಯ್ಯುತ್ತಾರೆ. ಶೆಡ್ಡಿಗೆ ಕಾಲಿಡಲಾಗುತ್ತಿಲ್ಲ.

ಮಗಳು


ಜೂನ್ ೧೫

ಶಿವಶಿವಾ!

ಯಾರೋ ಹೊಯ್ದದ್ದನ್ನು ಇನ್ಯಾರೋ ಹಾಕಿಕೊಳ್ಳುತ್ತಾರಾ? ನನ್ನ ಹಣದಲ್ಲಿ? ಲಾಂಡ್ರಿಯವಳ ಮಗಳ ಅಂಗಡಿಯಲ್ಲಿ? ಇಸ್ತ್ರಿಯಣ್ಣ ಎರಡು ಸಲ ಓದಿಸಿಕೊಂಡು ನೆಲಕ್ಕೆ ಕೂತು ನಕ್ಕ, ನನಗೆ ನಗು ಬರಲಿಲ್ಲ.

ಎಲ್ಲವನ್ನೂ ಕಟ್ಟಿ ಲಾರಿಗೆ ಹಾಕು. ಒಂದೂ ಬಿಡಬೇಡ. ಕೂಲಿ ಕೇಳುವುದಿಲ್ಲ.

ಅಮ್ಮ


ಜೂನ್ ೨೮

ಅಮ್ಮಾ,

ಕಳಿಸಿದ್ದೇನೆ. ದಯವಿಟ್ಟು ಕೇಳು: ತಣ್ಣೀರು ಮಾತ್ರ. ಸೌಮ್ಯ ಸೋಪು. ನೆರಳಿನಲ್ಲಿ ಒಣಗಿಸು. ಬಿಸಿನೀರು ಬೇಡವೇ ಬೇಡ.

ನೀನು ಇದನ್ನು ಓದುವಾಗ ಮಾಡುತ್ತಿರುವ ಮುಖ ನನಗೆ ಇಲ್ಲಿಂದಲೇ ಕಾಣುತ್ತಿದೆ.

ಮಗಳು


ಆಗಸ್ಟ್ ೧೦

ಮಗಳೇ,

ನನಗೆ ಬಟ್ಟೆ ಒಗೆಯುವುದನ್ನು ಕಲಿಸುವಷ್ಟು ದೊಡ್ಡವಳಾದೆ, ಸಂತೋಷ. ಆದರೂ ನೀನು ಹೇಳಿದ್ದನ್ನು ಚಾಚೂ ತಪ್ಪದೆ ಮಾಡಿದ್ದೇನೆ. ತಣ್ಣೀರು, ಸೌಮ್ಯ ಸೋಪು, ನೆರಳು. ನಾಲ್ಕು ನೀರು ಬದಲಿಸಿದ ಮೇಲೆ ವಾಸನೆ ಸತ್ತಿತು. ಮೂಗಿಗೆ ಹಿಡಿದು ನೋಡು, ಹೊಸ ಮಗುವಿನ ಬಟ್ಟೆಯ ಹಾಗಿದೆ. ಒಂದೊಂದರ ಕಾಲರಿನೊಳಗೂ ಮಸಿಯಲ್ಲಿ ನಮ್ಮ ಗುರುತು ಹಾಕಿದ್ದೇನೆ.

ಒಣಗಿದ ಮೇಲೆ ಒಂದೊಂದೂ ಮುದುಡಿ ಕೂತಿತ್ತು. ಹಾಗೆ ಮುದ್ದೆಯಾದದ್ದನ್ನು ನನ್ನ ಅಂಗಡಿಯಿಂದ ಹೊರಗೆ ಕಳಿಸಿದ ಚರಿತ್ರೆ ಇಲ್ಲ. ಇಸ್ತ್ರಿಯಣ್ಣ ಹಬೆಯ ಪ್ರೆಸ್ಸಿನಲ್ಲಿ ಇಟ್ಟು ಒತ್ತಿದ. ಅವನಿಗೂ ಹಟ, ನನಗೂ ಹಟ. ಒಂದು ಸುಕ್ಕಿಲ್ಲ ನೋಡು! ತೋಳಿನ ಮಡಿಕೆ ಕತ್ತಿಯ ಹಾಗೆ ನಿಂತಿದೆ. ನಿನ್ನ ಗುಂಪಿನವರು ಇಂಥ ಸೂಟು ಜನ್ಮದಲ್ಲಿ ಹಾಕಿಕೊಂಡಿರಲಾರರು.

ಇಂತಿ,
ಕೂಲಿ ಕೇಳದ ಅಮ್ಮ


ಆಗಸ್ಟ್ ೨೫

ಅಮ್ಮಾ,

ಗಂಟು ಬಿಚ್ಚಿದೆ. ಸೂಟುಗಳು ತಾವಾಗಿಯೇ ಗೋಡೆಗೆ ಒರಗಿ ನಿಂತಿವೆ. ರಟ್ಟು. ಅದು ಬಟ್ಟೆಯಲ್ಲ, ರಬ್ಬರು. ಅದರೊಳಗೆ ಸಣ್ಣ ಸಣ್ಣ ಗಾಳಿಗುಳ್ಳೆಗಳಿರುತ್ತವೆ, ಮೈ ಬೆಚ್ಚಗಿಡುವುದು ಅವೇ. ನಿನ್ನ ಪ್ರೆಸ್ಸು ಒಂದೂ ಬಿಡದೆ ಎಲ್ಲವನ್ನೂ ಚಪ್ಪಟೆ ಮಾಡಿದೆ. ಹೊಲಿಗೆಯ ಅಂಟು ಕರಗಿದೆ. ಒಂದೂ ಉಳಿದಿಲ್ಲ. ಹೊಸದು ಕೊಳ್ಳಲು ನನ್ನ ಹತ್ತಿರ ಏನೂ ಇಲ್ಲ. ಗುಂಪು ಬರಲು ಎರಡು ತಿಂಗಳು.

ಉಪ್ಪಣ್ಣ ಒಂದನ್ನು ತಟ್ಟಿ ನೋಡಿ, “ಬಾಗಿಲು ಮಾಡಬಹುದು” ಎಂದರು. ನಾನು ಅವರ ಮೇಲೂ ಕೂಗಾಡಿದೆ.

ಒಂದೇ ಮಾತು ಕೇಳುತ್ತೇನೆ. ಇದನ್ನು ಬೇಕೆಂದೇ ಮಾಡಿದೆಯಾ? ನಾನು ಸೋತು ಬಂದು ಕೌಂಟರಿನಲ್ಲಿ ಕೂರಲಿ ಎಂದು?


ಸೆಪ್ಟೆಂಬರ್ ೧೮

ಮಗಳೇ,

ನಿನ್ನ ಕಾಗದಕ್ಕೆ ಸಹಿ ಇರಲಿಲ್ಲ. ಯಾರು ಬರೆದದ್ದು ಎಂದು ತಿಳಿಯದಷ್ಟು ಮುದುಕಿಯಾಗಿಲ್ಲ.

ಅಂಚೆಯವನ ಕೈಯಲ್ಲಿ ಸಿಟ್ಟು ತಣ್ಣಗಾಗುತ್ತದೆ ಎಂದಿದ್ದೆ. ಆಗಲಿಲ್ಲ. ನಾನು ಬರೆದ ನಾಲ್ಕು ಉತ್ತರ ಹರಿದುಹಾಕಿದೆ. ಒಂದರಲ್ಲಿ ‘ಒಗೆಯೋದು ಹೇಳಿದೆ, ಒತ್ತೋದು ಬೇಡ ಅಂತ ಹೇಳಿದ್ಯಾ’ ಎಂದು ಜಗಳಕ್ಕೆ ನಿಂತಿದ್ದೆ. ಅದು ನ್ಯಾಯದ ಮಾತಲ್ಲ. ಸುಕ್ಕು ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ, ಅಷ್ಟೇ. ಇಸ್ತ್ರಿಯಣ್ಣ ಆ ದಿನದಿಂದ ನಗುವುದನ್ನೇ ಬಿಟ್ಟಿದ್ದಾನೆ.

ಬೇಕೆಂದೇ ಮಾಡಿದೆಯಾ ಎಂದು ಕೇಳಿದೆಯಲ್ಲ. ನೀನು ಬಂದು ಕೌಂಟರಿನಲ್ಲಿ ಕೂತರೆ ನನಗೆ ಸಂತೋಷ, ಇಲ್ಲ ಎನ್ನುವುದಿಲ್ಲ. ಸಂಜೆ ಷಟರ್ ಎಳೆಯುವಾಗ ಇನ್ನೊಂದು ಜೋಡಿ ಕೈ ಇರಲಿ ಎನ್ನಿಸುತ್ತದೆ. ಆದರೆ ನಿನ್ನ ಕೆಲಸ ಕೆಡಿಸಿ ನಿನ್ನನ್ನು ಕರೆಸಿಕೊಳ್ಳುವವಳು ನಾನಲ್ಲ. ಅದು ನಿನಗೆ ಗೊತ್ತಿರಬೇಕಿತ್ತು. ಗೊತ್ತಿಲ್ಲದಿದ್ದರೆ ತಪ್ಪು ಯಾರದು ಎಂದು ಯೋಚಿಸುತ್ತಿದ್ದೇನೆ.

ಅಕ್ಟೋಬರ್ ಕೊನೆಗೆ ನಾನೇ ಬರುತ್ತೇನೆ. ವರ್ಷ ತುಂಬುತ್ತದೆ. ಎದುರುಬದುರು ಕೂತು ಮುಗಿಸೋಣ.

ಅಮ್ಮ


ಅಕ್ಟೋಬರ್ ೧

ಅಮ್ಮಾ,

ಬಾ.

ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ ಎಂದು ನೀನೇ ಹೇಳುತ್ತಿದ್ದೆ. ಆ ಪ್ರಶ್ನೆಯನ್ನು ನಾನು ಬರೆಯಬಾರದಿತ್ತು. ಬರೆದು ಅಂಚೆಗೆ ಹಾಕಿದ ಮೇಲೆ ಡಬ್ಬಿಯೊಳಗೆ ಕೈ ಹಾಕಿ ತೆಗೆಯಲು ನೋಡಿದೆ, ಕೈ ಹೋಗಲಿಲ್ಲ.

ದಡದ ಆ ತುದಿಯಲ್ಲಿ ಇನ್ನೊಂದು ಡೈವಿಂಗ್ ಅಂಗಡಿ ಇದೆ, ನನ್ನ ಗಿರಾಕಿಗಳನ್ನು ದಾರಿಯಲ್ಲೇ ಸೆಳೆದುಕೊಳ್ಳುವವರು. ನಾಚಿಕೆ ಬಿಟ್ಟು ಅವರ ಬಾಗಿಲು ತಟ್ಟಿದೆ. ನಡೆದದ್ದು ಹೇಳಿದೆ. ಅಂಗಡಿಯವನು ನಕ್ಕೂ ನಕ್ಕೂ ಕಣ್ಣೀರು ಒರೆಸಿಕೊಂಡು, “ನಿಮ್ಮಮ್ಮ ಬಂದ್ರೆ ನನಗೆ ತೋರಿಸ್ಬೇಕು, ಆ ಷರತ್ತಿನ ಮೇಲೆ ಕೊಡ್ತೀನಿ” ಎಂದ. ಗುಂಪಿಗೆ ಸೂಟು ಸಿಕ್ಕಿತು, ಆದರೆ ಲಾಭದಲ್ಲಿ ಅರ್ಧ ಅವನಿಗೆ. ಹಾಗಾಗಿ ವರ್ಷದ ಕೊನೆಗೆ ನಿನಗೆ ತೋರಿಸಲು ನನ್ನ ಹತ್ತಿರ ದೊಡ್ಡದೇನೂ ಇರುವುದಿಲ್ಲ.

ಬರುವಾಗ ಡಾಕ್ಟರ ಹತ್ತಿರ ಎದೆ, ಕಿವಿ, ರಕ್ತದೊತ್ತಡ ತೋರಿಸಿ ಚೀಟಿ ತಗೊಂಡು ಬಾ. ಯಾಕೆಂದು ನಿನಗೆ ಗೊತ್ತು. ಹಣ ಹಾಕಿದ ಜಾಗವನ್ನು ಒಂದು ಸಲ ಇಳಿದು ನೋಡು. ಆಮೇಲೂ ನೀನು ‘ಸಾಕು’ ಎಂದರೆ, ಕಂಪ್ರೆಸರ್ ಮಾರಿ ನಾನು ನಿನ್ನ ಜೊತೆಯೇ ಬಸ್ಸು ಹತ್ತುತ್ತೇನೆ. ವಾದ ಮಾಡುವುದಿಲ್ಲ.

ನಿನ್ನ ಮನೆಯ ಗುರುತಿರುವ
ಮಗಳು


ನವೆಂಬರ್ ೫

ಮಗಳೇ,

ಮನೆ ಮುಟ್ಟಿದೆ. ಕಿವಿಯಲ್ಲಿ ಇನ್ನೂ ನೀರು ಗುಳುಗುಳು ಎನ್ನುತ್ತಿದೆ. ನೀರಿನಿಂದ ಮೇಲೆ ಬಂದಾಗಿನಿಂದ ಬಸ್ಸು ಹತ್ತುವವರೆಗೂ ನಾನು ಒಂದು ಮಾತೂ ಸರಿಯಾಗಿ ಆಡಲಿಲ್ಲ. ನೀನು ಹೆದರಿದೆ. ಮುಖ ನೋಡಿ, ಅಮ್ಮ ‘ಸಾಕು’ ಎಂದು ತೀರ್ಮಾನ ಮಾಡಿದ್ದಾಳೆ ಅಂದುಕೊಂಡೆ. ಬಸ್ಸು ಹೊರಟಾಗ ನೀನು ಕೈ ಬೀಸುವುದನ್ನೂ ಮರೆತು ನಿಂತಿದ್ದೆ. ನಾನು ಮಾತಾಡದ್ದಕ್ಕೆ ಕಾರಣ ಬೇರೆ. ಮಾತು ಸಿಗಲಿಲ್ಲ. ಜೀವಮಾನದಲ್ಲಿ ಮೊದಲ ಸಲ ನನಗೆ ಮಾತು ಸಿಗಲಿಲ್ಲ. ಈಗ ಒಂದೊಂದೇ ಬರುತ್ತಿದೆ, ಬರೆದುಬಿಡುತ್ತೇನೆ.

ಮೊದಲು ಆ ಸೂಟು. ನೀನು ಬೇರೆಯದು ಕೊಟ್ಟೆ, ನಾನು ಬೇಡವೆಂದು ಇಸ್ತ್ರಿಯಾದದ್ದನ್ನೇ ಹಾಕಿಕೊಂಡೆ. ಮಾಡಿದ್ದುಣ್ಣೋ ಮಹರಾಯ ಎನ್ನುವುದು ಗಾದೆ, ನಾನು ಮಾಡಿದ್ದನ್ನು ತೊಟ್ಟುಕೊಂಡೆ. ಮೊಣಕಾಲು ಬಗ್ಗಲಿಲ್ಲ. ಗದ್ದೆಯ ಬೆದರುಬೊಂಬೆಯ ಹಾಗೆ ಬೋಟು ಹತ್ತಿದೆ. ಉಪ್ಪಣ್ಣ ಕೈ ಹಿಡಿದು, “ಅಮ್ಮಾವ್ರೇ, ಮಡಿಕೆ ಮಾತ್ರ ಭೇಷಾಗಿದೆ” ಎಂದರು. ಆ ಮನುಷ್ಯ ನನಗೆ ಹಿಡಿಸಿದ.

ನೀನು ‘ಹಿಂದಕ್ಕೆ ಬೀಳು’ ಎಂದೆ, ನಾನು ಬಿದ್ದೆ. ಮೊದಲು ಬರೀ ಬಿಳಿ ನೊರೆ. ಸತ್ತೆ ಅಂದುಕೊಂಡೆ. ಆಮೇಲೆ ಒಂದು ಸದ್ದು ಕೇಳಿತು, ಯಾರೋ ಹತ್ತಿರದಲ್ಲೇ ನಿಧಾನಕ್ಕೆ ಉಸಿರಾಡುವ ಸದ್ದು. ಅದು ನಾನೇ. ಇಷ್ಟು ವರ್ಷ ಪ್ರೆಸ್ಸಿನ, ಮೆಷೀನಿನ, ಬೀದಿಯ ಸದ್ದಿನ ಮಧ್ಯೆ ಬದುಕಿದವಳು, ನನ್ನ ಉಸಿರನ್ನು ನಾನು ಕೇಳಿರಲಿಲ್ಲ. ಆ ಗಾಳಿಗೆ ವಾಸನೆಯೂ ಇರಲಿಲ್ಲ, ರುಚಿಯೂ ಇರಲಿಲ್ಲ. ಶೆಡ್ಡಿನಲ್ಲಿ ನೀನು ಫಿಲ್ಟರ್ ಬಿಚ್ಚಿ ತೋರಿಸಿದಾಗ ಸುಮ್ಮನೆ ತಲೆಯಾಡಿಸಿದ್ದೆ. ಕೆಳಗೆ ಹೋದ ಮೇಲೆ ಗೊತ್ತಾಯಿತು, ನನ್ನ ಬಣ್ಣದ ಕೋಣೆ ಎಲ್ಲಿಗೆ ಹೋಯಿತೆಂದು. ಒಂದೊಂದು ಉಸಿರಿಗೂ ಅದು ನನ್ನ ಎದೆಯೊಳಗೆ ಬಂದು ಹೋಗುತ್ತಿತ್ತು.

ತಲೆ ಎತ್ತಿ ನೋಡಿದೆ. ಒಗೆದ ದೊಡ್ಡ ಬಿಳಿ ಹಾಸನ್ನು ಇಬ್ಬರು ಎರಡು ಕಡೆ ಹಿಡಿದು ಕೊಡವುತ್ತಾರಲ್ಲ, ಸಮುದ್ರದ ಮೇಲುಭಾಗ ಕೆಳಗಿನಿಂದ ಹಾಗೆ ಅಲುಗುತ್ತಿತ್ತು. ಅದನ್ನು ಇಷ್ಟು ಕಾಲ ಯಾರು ಕೊಡವುತ್ತಿದ್ದಾರೆ ತಾಯಿ! ದಣಿವಿಲ್ಲದೆ!

ನಿನ್ನ ಲಾಂಡ್ರಿ ನೋಡಿದೆ. ಸುಳ್ಳಲ್ಲ. ಅಷ್ಟು ದೊಡ್ಡ ಮೀನು, ನಮ್ಮ ಕೌಂಟರಿನಷ್ಟು ಉದ್ದ, ತನ್ನ ಸರದಿಗಾಗಿ ಕಾಯುತ್ತಾ ನಿಂತಿತ್ತು. ಮುಂದಿನದನ್ನು ತಳ್ಳಲಿಲ್ಲ, ‘ಬೇಗ ಕೊಡಿ, ಬಸ್ಸಿದೆ’ ಎನ್ನಲಿಲ್ಲ. ಅದರ ಕಣ್ಣು ನನ್ನ ಕಡೆ ತಿರುಗಿತು. ಯಾರಿವಳು, ಇಷ್ಟು ಗರಿಗರಿ ಇಸ್ತ್ರಿ ಹಾಕಿಕೊಂಡು ಬಂದವಳು ಎಂದು ನೋಡಿದ ಹಾಗೆ. ನಾನೂ ನೋಡಿದೆ. ಎಷ್ಟು ಹೊತ್ತೋ. ಒಂದು ಪುಟ್ಟ ನೀಲಿ ಮೀನು ಪಕ್ಕದ ಮೀನಿನ ಬಾಯೊಳಗೆ ನಡೆದುಹೋಯಿತು. ಹೊರಗೂ ಬಂತು.

ಆಗ ನೀನು ತೋಳಿನಿಂದ ನಾನು ಕಳಿಸಿದ್ದ ಕೆಂಪು ಬಟ್ಟೆ ತೆಗೆದೆ. ಕಪ್ಪು. ಮಣ್ಣು ಮೆತ್ತಿದ ಚಿಂದಿ. ಅದರ ಮೂಲೆಯ ಗುರುತು ನೋಡಿದೆ, ನನ್ನದೇ ಕೈಬರಹ. ಅಯ್ಯೋ, ನೀನು ಬರೆದದ್ದು ನಿಜ, ನನ್ನ ಕೆಂಪು ಹೋಯಿತು ಎನ್ನಿಸಿತು. ಕೋಣೆ ಮಾರಿದ ದಿನ ಬಾಗಿಲು ಎಳೆದುಕೊಳ್ಳುವಾಗಲೂ ಹೀಗೇ ಅನಿಸಿತ್ತು. ನಿನಗೆ ಬರೆಯುವುದಿಲ್ಲ ಎಂದಿದ್ದೆ, ಈಗ ಬರೆಯುತ್ತೇನೆ: ನನ್ನ ಕೈಯ ಬಣ್ಣ ಅಲ್ಲಿಗೆ ಮುಗಿಯಿತು ಎಂದು ಆ ದಿನ ಖಾಲಿ ತೊಟ್ಟಿಯ ಪಕ್ಕದಲ್ಲಿ ಕೂತು ಅತ್ತಿದ್ದೆ.

ಆಮೇಲೆ ನೀನು ಟಾರ್ಚ್ ಹಾಕಿದೆ.

ಅಬ್ಬಾ ಮಗಳೇ! ಅಂಥ ಕೆಂಪನ್ನು ನಾನೇ ನೋಡಿರಲಿಲ್ಲ, ನಾನೇ ಮಾಡಿದವಳು. ಆ ಕಡುನೀಲಿಯ ನಡುವೆ, ನಿನ್ನ ಅಂಗೈಯಲ್ಲಿ, ಒಲೆಯ ಕೆಂಡದ ಹಾಗೆ ಎದ್ದು ಕೂತಿತು. ಎಲ್ಲಿಗೂ ಹೋಗಿರಲಿಲ್ಲ. ಅಲ್ಲೇ ಇತ್ತು, ಬೆಳಕು ಬೀಳಲಿ ಎಂದು ಕಾಯುತ್ತಿತ್ತು. ನಾನು ‘ಅಬ್ಬಾ’ ಎಂದೆ, ಮತ್ತೆ ಮತ್ತೆ ಎಂದೆ, ಬಾಯಿಯ ಕೊಳವೆ ಜಾರುವಷ್ಟು. ಎಷ್ಟು ಗುಳ್ಳೆ ಮೇಲಕ್ಕೆ ಹೋಯಿತೋ. ನೀನು ನನ್ನ ಗಾಳಿ ಅಳೆಯುವ ಗಡಿಯಾರ ನೋಡಿದೆ, ತಲೆಯಾಡಿಸಿದೆ, ತೋಳು ಹಿಡಿದು ಮೇಲಕ್ಕೆ ಕರೆತಂದೆ. ಗಾಳಿ ಬೇಗ ಇಳಿದಿತ್ತು. ಬೆರಗಾದವರದು ಬೇಗ ಮುಗಿಯುತ್ತದೆ ಎಂದು ನೀನು ಬರೆದಿದ್ದೆ, ನಾನು ಮರೆತಿದ್ದೆ. ಸೋಪಿನ ಪುಡಿಯನ್ನೂ ಅಳೆದು ಹಾಕುವವಳು ನಾನು, ಅಷ್ಟು ಗಾಳಿಯನ್ನು ನಾಲ್ಕು ಅಬ್ಬಾಗಳಲ್ಲಿ ಉಡಾಯಿಸಿಬಿಟ್ಟೆ.

ಈಗ ನಮ್ಮ ವ್ಯವಹಾರ. ಹಣ ಅಲ್ಲೇ ಇರಲಿ, ನೆನೆಯಲಿ. ಆತುರ ಮಾಡಿದರೆ ಬಣ್ಣ ಹಿಡಿಯುವುದಿಲ್ಲ. ಇನ್ನು ವರ್ಷದ ಗಡುವು ಇಲ್ಲ. ಕೌಂಟರಿಗೆ ಒಬ್ಬ ಹುಡುಗಿಯನ್ನು ಗೊತ್ತು ಮಾಡಿದ್ದೇನೆ, ನಿನಗಿಂತ ಚೆನ್ನಾಗಿ ಲೆಕ್ಕ ಮಾಡುತ್ತಾಳೆ. ಇಸ್ತ್ರಿಯಣ್ಣನಿಗೆ ಮೀನು ಬಾಯಿ ತೆರೆದ ಹಾಗೆ ತೆರೆದು ತೋರಿಸಿದೆ, ಅವನು ಮೊದಲಿನ ಹಾಗೆ ನಕ್ಕ. ಸೂಟುಗಳನ್ನು ಇನ್ನು ಮುಂದೆ ಅಲ್ಲೇ ಒಗೆಸು. ಸುಕ್ಕಿರಲಿ.

ಒಂದು ಕೆಲಸ ಮಾಡು. ಒಂದು ಸಿಲಿಂಡರಿನ ಕುತ್ತಿಗೆಗೆ ನನ್ನ ಗುರುತು ಹಾಕಿಡು. ಬೇರೆ ಯಾರಿಗೂ ಕೊಡಬೇಡ. ಇಲ್ಲಿ ದಿನಾ ಬೆಳಗ್ಗೆ ಅಂಗಡಿ ತೆರೆಯುವ ಮೊದಲು ಕುರ್ಚಿಯಲ್ಲಿ ಕೂತು ನಿಧಾನಕ್ಕೆ ಉಸಿರಾಡುವುದನ್ನು ಅಭ್ಯಾಸ ಮಾಡುತ್ತಿದ್ದೇನೆ. ಮುಂದಿನ ಸಲ ಅಬ್ಬಾ ಎನ್ನುವುದಿಲ್ಲ. ಆ ದೊಡ್ಡ ಮೀನಿನ ಸರದಿ ಬರುವ ಮೊದಲೇ ನನ್ನನ್ನು ಮೇಲೆ ಕರೆತಂದುಬಿಟ್ಟೆ. ಅದರ ಸರದಿ ಬಂತೋ ಇಲ್ಲವೋ ನಾನು ನೋಡಬೇಕು.

ಇಂತಿ,
ಬರಲಿರುವ ಅಮ್ಮ